ವೈರ್‌ಲೆಸ್ ಜಾಲ ಮತ್ತು ಪ್ರಯೋಗಾಲಯದ ಉಪಕರಣ

ವೈ-ಫೈ, ಬ್ಲೂಟೂತ್, ಮೊಬೈಲ್ ಮೊದಲಾದವುಗಳಿಂದ ಹೊಮ್ಮುವ ರೇಡಿಯೊ ಅಲೆಗಳು ವೈಜ್ಞಾನಿಕ ಮಾಪಕಗಳ ಓದಿಕೆಯನ್ನು ಕೆಡಿಸುವುದಕ್ಕೆ ವಿದ್ಯುತ್ಕಾಂತೀಯ ಅಡಚಣೆ ಎನ್ನುತ್ತಾರೆ. ಅಳೆಯಬೇಕಾದ ಸಂಕೇತ ಕ್ಷೀಣವಾದಷ್ಟೂ ಅಪಾಯ ಹೆಚ್ಚು.

ಬಿಡದಿ ಬಳಿಯ ಬೈರಮಂಗಲ ಕೆರೆಗೆ ವೃಷಭಾವತಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುತ್ತದೆ. ಅಂಥ ನೀರನ್ನು ಪರೀಕ್ಷಿಸುವ ಪಿಎಚ್ ಮೀಟರನ್ನೇ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಿಎಚ್ ವ್ಯತ್ಯಾಸಕ್ಕೆ ಅದರ ಗಾಜಿನ ಎಲೆಕ್ಟ್ರೋಡು ಕೊಡುವುದು ಸುಮಾರು 59 ಮಿಲಿವೋಲ್ಟ್ ಮಾತ್ರ. ಎಲೆಕ್ಟ್ರೋಡಿನ ರೋಧವೋ ಕೋಟಿಗಟ್ಟಲೆ ಓಮ್. ಕೇಬಲ್ಲಿನ ಕವಚ ಹರಿದಿದ್ದರೆ ಅದೇ ಆಂಟೆನಾ ಆಗುತ್ತದೆ. ಅದು ಹಿಡಿದ ಅಲೆಯನ್ನು ಆಂಪ್ಲಿಫೈಯರಿನ ಅರೆವಾಹಕ ಸಂಧಿಗಳು ಸಣ್ಣ ಏಕಮುಖ ವೋಲ್ಟೇಜಾಗಿ ಮಾರ್ಪಡಿಸುತ್ತವೆ. ಮೀಟರು ಅದನ್ನೂ ನೀರಿನ ಗುಣವೆಂದೇ ತೋರಿಸುತ್ತದೆ.

ಆದರೂ ಲೆಕ್ಕ ಹಾಕಿದರೆ ವೈ-ಫೈ ದೊಡ್ಡ ಅಪರಾಧಿಯಲ್ಲ. 100 ಮಿಲಿವ್ಯಾಟ್ ರೂಟರಿನಿಂದ 1 ಮೀಟರ್ ದೂರದಲ್ಲಿ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 1.7 ವೋಲ್ಟ್. ಉಪಕರಣಗಳ ಸಹಿಷ್ಣುತೆಯನ್ನು ಅಳೆಯುವ ಐಇಸಿ 61000-4-3 ಪರೀಕ್ಷೆಯ ಎರಡನೇ ಹಂತವೇ 3 ವೋಲ್ಟ್. ಪೂರ್ಣಶಕ್ತಿಯಲ್ಲಿ 2 ವ್ಯಾಟ್ ಹೊಮ್ಮಿಸುವ 2ಜಿ ಮೊಬೈಲಿನ ಕ್ಷೇತ್ರ ಅಷ್ಟೇ ದೂರದಲ್ಲಿ ಸುಮಾರು 7.7 ವೋಲ್ಟ್! ಓದಿಕೆ ತೇಲಿದರೆ ಮೊದಲು ಮೇಜಿನ ಮೇಲಿನ ಮೊಬೈಲನ್ನು ದೂರವಿಟ್ಟು, ಕೇಬಲ್ ಕವಚವನ್ನೂ ಅರ್ಥಿಂಗನ್ನೂ ನೋಡುವುದು ಲೇಸು.

ಅಂತರಿಕ್ಷದ ಸಂಕೇತ ಹಿಡಿಯುವವರಿಗೆ ಮಾತ್ರ ಈ ಸಮಾಧಾನವಿಲ್ಲ. ಇಸ್ರೋದ 32 ಮೀಟರ್ ಆಂಟೆನಾ ಇರುವ ಬ್ಯಾಲಾಳು ಕೇಂದ್ರ 2008ರ ಅಕ್ಟೋಬರ್ 17ರಂದು, ಚಂದ್ರಯಾನ-1ರ ಉಡಾವಣೆಗೆ ಐದು ದಿನ ಮುಂಚೆ, ಉದ್ಘಾಟನೆಗೊಂಡಿತು. ಅಲ್ಲಿನ ತಟ್ಟೆಯಾಕಾರದ ತಗ್ಗು ನೆಲ ಹೊರಗಿನ ರೇಡಿಯೊ ಗದ್ದಲವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆಳ ಅಂತರಿಕ್ಷ ಸಂಪರ್ಕದ 2290–2300 ಮೆಗಾಹರ್ಟ್ಸ್ ಪಟ್ಟಿಯ ಮಗ್ಗುಲಲ್ಲೇ 4ಜಿಯ 2300–2400 ಪಟ್ಟಿಯಿದೆ. ಅದನ್ನು ದಾಟಿದರೆ ವೈ-ಫೈ.

ರಾಮನ್ ಸಂಶೋಧನಾ ಸಂಸ್ಥೆಯ ‘ಸರಸ್-3’ ರೇಡಿಯೊ ದೂರದರ್ಶಕ ನಗರದ ಗದ್ದಲ ತಪ್ಪಿಸಿಕೊಂಡು ನೀರಿಗೇ ಇಳಿಯಿತು. 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನಲ್ಲಿ ತೇಲುತ್ತ ಅದು ಕೇಳಿದ್ದು ಎಫ್ಎಂ ಬಾನುಲಿಯ ಪಟ್ಟಿಗಿಂತ ಕೆಳಗಿನ ಕಂಪನಾಂಕಗಳನ್ನು. ಆದಿ ವಿಶ್ವದ ಮೊದಲ ನಕ್ಷತ್ರಗಳ ಸುಳಿವು ಸಿಕ್ಕಿತೆಂದು ‘ಎಡ್ಜಸ್’ ತಂಡ 2018ರಲ್ಲಿ ಹೇಳಿದ್ದ ಸಂಕೇತ ಅದಕ್ಕೆ ಕಾಣಲಿಲ್ಲ. ಈ ಫಲಿತಾಂಶ 2022ರ ಫೆಬ್ರವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಪ್ರಕಟವಾಯಿತು.