ಇನ್ನೂರ ಹದಿಮೂರನೆಯ ಸ್ಥಾನ

2008ರ ಮೇ ತಿಂಗಳವರೆಗೆ ನಮ್ಮ ವಿಮಾನಪುರದಲ್ಲಿ ಹರಟೆಗೆ ಕೂತರೆ ನಡುನಡುವೆ ಬಾಯಿ ಮುಚ್ಚಬೇಕಾಗುತ್ತಿತ್ತು. ತಲೆಯ ಮೇಲಿನ ವಿಮಾನ ದಾಟಿದ ಮೇಲೆಯೇ ಮಾತು ಮುಂದುವರಿಯುವುದು. ಬೆಂಗಳೂರಿನ ಪ್ರಯಾಣಿಕರೆಲ್ಲ ಎಚ್.ಎ.ಎಲ್. ನಿಲ್ದಾಣದಿಂದಲೇ ಹಾರುತ್ತಿದ್ದ ಕಾಲ ಅದು.

ಆ ಕಾಲದಲ್ಲೇ ಕೊಡಗಿನ ಕಾಫಿ ಬೆಳೆಗಾರರ ಮಗ ರೋಹನ್ ಬೋಪಣ್ಣ ಟೆನಿಸ್ ಅಂಕಗಳನ್ನು ಅರಸಿ ದೇಶ ದೇಶ ಸುತ್ತುತ್ತಿದ್ದರು. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಎತ್ತರ, 2007ರಲ್ಲಿ, 213ನೆಯ ಸ್ಥಾನ. ಇಷ್ಟು ದೊಡ್ಡ ಜಗತ್ತಿನಲ್ಲಿ ಅದೇನು ಕಡಿಮೆಯೇ? ಆದರೆ ಗ್ರ್ಯಾಂಡ್‌ಸ್ಲಾಮ್‌ನ 128 ಜಾಗಗಳಲ್ಲಿ ರ್‍ಯಾಂಕಿನ ಬಲದಿಂದ ನೇರ ಪ್ರವೇಶ ಸುಮಾರು 104 ಮಂದಿಗೆ ಮಾತ್ರ. ಅವರ ಹಿಂದಿನವರು ಮೂರು ಅರ್ಹತಾ ಪಂದ್ಯ ಗೆದ್ದು ಒಳಗೆ ಬರಬೇಕು. ಪ್ರಯಾಣ, ವಸತಿ, ಕೋಚ್ ಎಲ್ಲಕ್ಕೂ ಕೈಯಿಂದಲೇ ಖರ್ಚು. 2017ರಲ್ಲಿ ಬೆಂಗಳೂರಿನ ಚಾಲೆಂಜರ್ ಪಂದ್ಯಾವಳಿ ಗೆದ್ದಿದ್ದ ಸುಮಿತ್ ನಾಗಲ್, 2023ರಲ್ಲಿ ಸಿಂಗಲ್ಸ್‌ನಲ್ಲಿ ದೇಶಕ್ಕೇ ಮೊದಲಿಗರಾಗಿದ್ದೂ, ಬ್ಯಾಂಕಿನಲ್ಲಿ ಉಳಿದಿರುವುದು 900 ಯೂರೋ ಎಂದಿದ್ದರು.

ಬೋಪಣ್ಣ ಡಬಲ್ಸ್ ಹಿಡಿದರು. ಮಂಡಿ ಸವೆದಾಗ ಅಯ್ಯಂಗಾರ್ ಯೋಗ ಅವರನ್ನು ಅಂಗಳದಲ್ಲಿ ನಿಲ್ಲಿಸಿತು. 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ಜಗತ್ತಿಗೇ ಮೊದಲಿಗರಾದರು. 2025ರ ನವೆಂಬರಿನಲ್ಲಿ ನಿವೃತ್ತಿ ಘೋಷಿಸಿದರು.

ಪ್ರಯಾಣಿಕರ ವಿಮಾನಗಳು ಈಗ ದೇವನಹಳ್ಳಿಗೆ ಹೋಗಿವೆ. ನಮ್ಮ ಹರಟೆಗೆ ಮೊದಲಿನಷ್ಟು ತಡೆಯಿಲ್ಲ. ಬೋಪಣ್ಣನವರ 213 ನಮಗೆ ನೆನಪಾಗುವುದು ಮುಂದೆ ಅವರು ಗೆದ್ದದ್ದರಿಂದ. ಅಷ್ಟೇ ಬೆವರು ಸುರಿಸಿ, ಗೆಲ್ಲದೆ ಇದೇ ನಿಲ್ದಾಣದಲ್ಲಿ ಬಂದಿಳಿದವರ ಹೆಸರನ್ನು ನಾವು ಕೇಳಲೇ ಇಲ್ಲ.