ಬೇಕು-ಬೇಡಗಳ ನಡುವೆ ಒಂದು ನಾಡು

ಒಂದನ್ನೇ ಏಕಕಾಲಕ್ಕೆ ಬೇಕೆಂದೂ ಬೇಡವೆಂದೂ ಬಗೆಯುವ ಮನಸ್ಸಿನ ಇಬ್ಬಂದಿತನಕ್ಕೆ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 1910ರಲ್ಲಿ ಶಾಸ್ತ್ರದ ಹೆಸರಿಟ್ಟರು. ಆದರೆ ಇದು ವ್ಯಕ್ತಿಗಷ್ಟೇ ಮೀಸಲಲ್ಲ, ನಾಡಿಗೂ ಉಂಟು. ಏಕೀಕರಣದ ಕಾಲದ ಹಳೆಯ ಮೈಸೂರನ್ನು ನೋಡಿರಿ.

ಧಾರವಾಡದವರಿಗೆ ಏಕೀಕರಣವು ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಮುಂಬಯಿ, ಹೈದರಾಬಾದು, ಮದರಾಸುಗಳ ಆಡಳಿತದಲ್ಲಿ ಕನ್ನಡ ಮೂಲೆಗುಂಪಾಗಿತ್ತು. ಮೈಸೂರಿಗನಿಗೆ ಆ ನೋವಿರಲಿಲ್ಲ. ಅವನಿಗೆ ತನ್ನವೇ ಆದ ಅರಸು ಮನೆತನ, ಕನ್ನಂಬಾಡಿಯ ನೀರು, ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ ಇದ್ದವು. ಕನ್ನಡವೆಂದರೆ ಅವನ ಎದೆ ಉಬ್ಬುತ್ತಿತ್ತು. ಹಿಂದುಳಿದ ಜಿಲ್ಲೆಗಳ ಹೊರೆ, ಅಧಿಕಾರದಲ್ಲಿ ಪಾಲು ಎಂದೊಡನೆ ಅದೇ ಎದೆ ಮುದುಡುತ್ತಿತ್ತು. ಎರಡೂ ನಿಜವೇ, ಅವನು ಕಪಟಿಯಲ್ಲ.

ಏಕೀಕರಣದ ಪರ ನಿಂತ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು, ಸ್ವಪಕ್ಷದಲ್ಲೇ ವಿರೋಧ ಬೆಳೆದು, 1956ರ ಆಗಸ್ಟಿನಲ್ಲಿ ಅಧಿಕಾರ ಬಿಟ್ಟರು. ನವೆಂಬರ್ 1ರಂದು ನಾಡು ಒಂದಾಯಿತು. ಹೆಸರು ಮಾತ್ರ ಮೈಸೂರೆಂದೇ ಉಳಿಯಿತು. ಅದು ‘ಕರ್ನಾಟಕ’ವಾದದ್ದು 1973ರ ನವೆಂಬರ್ 1ರಂದು.

ಆ 17 ವರ್ಷಗಳಲ್ಲಿ ಮನಸ್ಸನ್ನು ಮಾಗಿಸಿದ್ದು ಬರಿಯ ಭಾಷಣಗಳಲ್ಲ. ಕಚೇರಿಯ ಪಕ್ಕದ ಮೇಜಿಗೆ ಬಂದ ಬಿಜಾಪುರದವರು, ಗುಲ್ಬರ್ಗಕ್ಕೆ ವರ್ಗವಾಗಿ ಹೋದ ಮೇಷ್ಟರು, ಹಂಚಿಕೊಂಡ ರೊಟ್ಟಿ ಬುತ್ತಿ: ಒಲವು ಹೀಗೆ ಒಡನಾಟದಿಂದ ಬೆಳೆಯುವಂಥದು.

ಇಂದು ಉತ್ತರದ ಜಿಲ್ಲೆಗಳಿಂದ ಬೇರೆ ರಾಜ್ಯದ ಕೂಗು ಕೇಳಿದಾಗ ನಾವು ಥಟ್ಟನೆ ಅದನ್ನು ದ್ರೋಹವೆನ್ನುತ್ತೇವೆ. ಹಾಗೆನ್ನುವ ಮುನ್ನ ಹಳೆಯ ಮೈಸೂರಿನವರಾದ ನಾವು ನಮ್ಮ ಅಂದಿನ ಹಿಂಜರಿಕೆಯನ್ನೊಮ್ಮೆ ನೆನೆಯುವುದು ಒಳಿತು.