ಕೋಕ್‌ಗೆ ಸೋಡಾ ನೀರು ಚಿಮುಕಿಸಿದರೆ ವಿಷಾನಿಲ ಬರುವುದಿಲ್ಲವೇ?

ಚಳಿ ಕಾಯಿಸಲು ಉರಿಸುವ ಕೋಕ್‌ಗೆ ವಾಷಿಂಗ್ ಸೋಡಾ ಕರಗಿಸಿದ ನೀರು ಚಿಮುಕಿಸಿದರೆ ಚೆನ್ನಾಗಿ ಉರಿಯುತ್ತದೆ, ಅಪಾಯವೂ ಇಲ್ಲ ಎನ್ನುತ್ತಾರೆ. ಇದು ಅರ್ಧ ಮಾತ್ರ ನಿಜ.

ಕಲ್ಲಿದ್ದಲನ್ನು ಗಾಳಿ ತಾಗದಂತೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಡಾಂಬರು, ಅನಿಲಗಳು ಹೊರಹೋಗಿ ಕೋಕ್ ಉಳಿಯುತ್ತದೆ. ಹಾಗಾಗಿ ಅದರಲ್ಲಿ ಹೊಗೆ ಕಡಿಮೆ. ಆದರೆ ಅದು ಬೇಗ ಹೊತ್ತಿಕೊಳ್ಳುವುದಿಲ್ಲ. ಇಂಗ್ಲೆಂಡಿನ ಥಾಮಸ್ ಪಾರ್ಕರ್ 1904ರಲ್ಲಿ ಕಲ್ಲಿದ್ದಲನ್ನು ಕಡಿಮೆ ಶಾಖದಲ್ಲಿ ಕಾಯಿಸಿ, ಸುಲಭವಾಗಿ ಹೊತ್ತುವ ‘ಕೋಲೈಟ್’ ತಯಾರಿಸಿದ್ದು ಈ ತೊಂದರೆಗೆ ಪರಿಹಾರವಾಗಿ.

ಸೋಡಾ ಕೂಡ ಕೋಕ್ ಚುರುಕಾಗಿ ಉರಿಯಲು ನೆರವಾಗುತ್ತದೆ. ಆದರೆ ಇಂಗಾಲ ಇದ್ದಷ್ಟೇ ಇರುವುದರಿಂದ ಒಟ್ಟು ಶಾಖ ಹೆಚ್ಚುವುದಿಲ್ಲ. ಮೇಲಾಗಿ, ಕೆಂಡದಲ್ಲಿ ಕಾರ್ಬನ್ ಡೈಆಕ್ಸೈಡ್ ಕಾರ್ಬನ್ ಮಾನಾಕ್ಸೈಡ್ ಆಗುವ ಕ್ರಿಯೆಯನ್ನೂ ಸೋಡಾ ಚುರುಕುಗೊಳಿಸುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲೇ ಪ್ರಾಣ ಹೋಗಬಹುದು.

ಆದ್ದರಿಂದ ನಾವು ಹೇಳುವುದಿಷ್ಟು: ಹೊಗೆ ಕಾಣದಿದ್ದರೆ ವಿಷವಿಲ್ಲ ಎಂದಲ್ಲ. ಏನೇ ಚಿಮುಕಿಸಿದ್ದರೂ, ಚಿಮಣಿಯಿಲ್ಲದ ಕೋಣೆಯಲ್ಲಿ ಕೋಕ್ ಉರಿಸಬೇಡಿ. ಕೆಂಡ ಇಟ್ಟುಕೊಂಡು ಮಲಗಬೇಡಿ. ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಎಲ್ಲರೂ ತಕ್ಷಣ ಹೊರಗೆ ಬಂದು ವೈದ್ಯರನ್ನು ಕಾಣಿ. ಫಾರ್ವರ್ಡ್ ಮಾಡುವುದಾದರೆ ಈ ಎಚ್ಚರಿಕೆಯನ್ನೇ ಮಾಡಿ.